ಚಿಟ್ಟಿಯ ಉಬ್ಬನ್ನು ಪರದೆಯ ಮೇಲೆ ತರುವುದು ಹೇಗೆ?

ಪ್ರಶ್ನೆ (ಪೆರ್ಲದಿಂದ)

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷಗಳಿಂದ ನಾನು ಕಾಗದದ ಮೇಲೆ ಯಕ್ಷಗಾನದ ತೆಂಕು ಶೈಲಿಯಾದ ತೆಂಕುತಿಟ್ಟಿನ ವೇಷಗಳನ್ನು, ಅದರಲ್ಲೂ ರಾಕ್ಷಸ ಪಾತ್ರಗಳ ಬಣ್ಣದ ವೇಷಗಳನ್ನು ಬರೆಯುತ್ತ ಬಂದಿದ್ದೇನೆ. ಕಳೆದ ಮಳೆಗಾಲದಲ್ಲಿ ಪರದೆಯಿಲ್ಲದ ಒಂದು ಪೆನ್ ಟ್ಯಾಬ್ಲೆಟ್ ಕೊಂಡು, ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆಯುವ ಕ್ರಿಟಾ ತಂತ್ರಾಂಶವನ್ನು ಹಾಕಿಸಿಕೊಂಡೆ. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ ಎಂಬ ಅಭ್ಯಾಸ ಕೂಡಿಬರಲು ಒಂದು ತಿಂಗಳು ಹಿಡಿಯಿತು. ಈಗ ಗೆರೆ ನಾನು ಹೇಳಿದಂತೆ ಕೇಳುತ್ತದೆ.

ಆದರೆ ಚಿಟ್ಟಿ ಮಾತ್ರ ಬರುತ್ತಿಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಕುಳಿತು ನೋಡಿದವರಿಗೆ ಗೊತ್ತು: ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಒಂದೊಂದಾಗಿ ಮುಖದ ಮೇಲೆ ಇಡುತ್ತ, ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದನ್ನು ಏರಿಸುತ್ತ, ಗಂಟೆಗಟ್ಟಲೆ ಕುಳಿತು ಮಾಡುವ ಕೆಲಸವದು. ಕೊನೆಗೆ ಆ ಬಿಳಿಯ ಸಾಲುಗಳು ಮುಳ್ಳಿನಂತೆ ಮುಖದಿಂದ ಎದ್ದು ನಿಲ್ಲುತ್ತವೆ. ಕಾಗದದಲ್ಲಿ ನಾನು ದಪ್ಪ ಬಿಳಿ ಬಣ್ಣವನ್ನು ನಿಜವಾಗಿಯೇ ಉಬ್ಬಿಸಿ ಇಡುತ್ತಿದ್ದೆ. ಪರದೆಯಲ್ಲಿ ಅವು ಬರಿಯ ಬಿಳಿ ಚುಕ್ಕೆಗಳಾಗಿ, ರಂಗೋಲಿಯಂತೆ ಚಪ್ಪಟೆಯಾಗಿ ಉಳಿಯುತ್ತವೆ.

ಇನ್ನೊಂದು ಸಂಗತಿ. ಒಂದು ಉತ್ಸವದ ಫ್ಲೆಕ್ಸಿಗಾಗಿ ಬರೆದುಕೊಟ್ಟ ರಾವಣನ ಮುಖ ಮುದ್ರಣವಾಗಿ ಬಂದಾಗ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿದ್ದವು, ಇಂಗಳೀಕದ ಕೆಂಪು ಹಂಚಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ಬೀದಿಯಲ್ಲಿ ಕಂಡು ಎರಡು ದಿನ ನನಗೆ ಪೆನ್ನು ಹಿಡಿಯಲು ಮನಸ್ಸು ಬರಲಿಲ್ಲ. ತಪ್ಪು ಎಲ್ಲಿ ಆಯಿತೆಂದು ತಿಳಿದವರು ಹೇಳಬೇಕು. ಚಿತ್ರಗಳನ್ನು ಅಂತರಜಾಲದಲ್ಲಿ ಹಂಚಿಕೊಳ್ಳುವ ಆಸೆಯೂ ಇದೆ, ಅಳುಕೂ ಇದೆ.

ಉತ್ತರ 1 (ಕುಂಬಳೆಯಿಂದ)

ನಿಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು, ಏಕೆಂದರೆ ಇದೇ ಚಿಟ್ಟಿಯ ಹಿಂದೆ ನಾನೂ ಒಂದು ಬೇಸಿಗೆಯನ್ನು ಕಳೆದಿದ್ದೇನೆ.

ಚಿಟ್ಟಿಗೆ ಒಂದು ಪ್ರತ್ಯೇಕ ಪದರವನ್ನು (ಲೇಯರ್) ಇಟ್ಟುಕೊಳ್ಳಿ. ಮುಖದ ಬಣ್ಣದ ಪದರದಲ್ಲಿಯೇ ಅದನ್ನು ಬರೆಯಬೇಡಿ. ಆ ಪದರದ ಒಂದು ಪ್ರತಿಯನ್ನು ಕೆಳಗೆ ಇರಿಸಿ, ಅದನ್ನು ಕಂದು ಬಣ್ಣಕ್ಕೆ ಇಳಿಸಿ, ಬೆಳಕು ಬರುವ ಬದಿಯಿಂದ ಆಚೆ ಬದಿಗೆ ನಾಲ್ಕೈದು ಪಿಕ್ಸೆಲ್ ಸರಿಸಿದರೆ ನೆರಳು ಸಿಗುತ್ತದೆ. ಪದರಕ್ಕೆ ತಾನಾಗಿ ಉಬ್ಬು ಕೊಡುವ ಸೌಲಭ್ಯವೂ ಕ್ರಿಟಾದಲ್ಲಿದೆ, ಆದರೆ ಅದು ಎಲ್ಲ ಚುಕ್ಕೆಗಳಿಗೂ ಒಂದೇ ಅಳತೆಯ ಉಬ್ಬನ್ನು ಕೊಡುವುದರಿಂದ ಮುಖ ಅಚ್ಚಿನಲ್ಲಿ ಒತ್ತಿದಂತೆ ಕಾಣುತ್ತದೆ. ಕೈಯಿಂದ ಇಟ್ಟ ಚಿಟ್ಟಿಯಲ್ಲಿ ಒಂದು ಮೊನಚು, ಇನ್ನೊಂದು ಮೊಂಡು; ಕೆನ್ನೆಯ ತಿರುವಿನಲ್ಲಿರುವುದು ಪಕ್ಕಕ್ಕೆ ವಾಲಿರುತ್ತದೆ. ಚಿಟ್ಟಿಗೆ ಅಚ್ಚ ಬಿಳಿಯನ್ನು ಬಳಸದೆ ಸ್ವಲ್ಪ ಬೂದು ಬೆರೆತ ಬಿಳಿಯನ್ನು ಬಳಸಿ, ಅಚ್ಚ ಬಿಳಿಯನ್ನು ತುದಿಯ ಒಂದು ಬಿಂದುವಿಗೆ ಮಾತ್ರ ಉಳಿಸಿಕೊಳ್ಳಿ. ನನ್ನ ಅನುಭವದಲ್ಲಿ ಉಬ್ಬು ಹುಟ್ಟುವುದು ಆ ಬಿಂದುವಿನಿಂದಲೇ.

ಎಡ ಬಲಗಳನ್ನು ಒಟ್ಟಿಗೆ ಬರೆಯುವ ಕನ್ನಡಿ ಉಪಕರಣದ ಬಗ್ಗೆ ಒಂದು ಮಾತು. ಮೊದಲ ಅಳತೆಯ ಗೆರೆಗಳಿಗೆ ಅದು ಬಹಳ ಒಳ್ಳೆಯದು, ಆದರೆ ಚಿಟ್ಟಿ ಇಡುವಾಗ ಅದನ್ನು ನಿಲ್ಲಿಸಿಬಿಡಿ. ಚೌಕಿಯಲ್ಲಿ ಕಲಾವಿದರು ಸಣ್ಣ ಕನ್ನಡಿಯನ್ನು ನೋಡಿಕೊಂಡು ತಮ್ಮ ಮುಖವನ್ನು ತಾವೇ ಬರೆಯುತ್ತಾರಲ್ಲವೇ, ಆಗ ಎರಡು ಕೆನ್ನೆಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ. ಆ ವ್ಯತ್ಯಾಸ ಅಳಿದುಹೋದರೆ ಅಲ್ಲಿ ವೇಷ ಮಾತ್ರ ಇರುತ್ತದೆ, ವೇಷದೊಳಗಿನ ಮನುಷ್ಯ ಇರುವುದಿಲ್ಲ.

ಇನ್ನು, ದಪ್ಪ ಬಣ್ಣ ಹೇಗೆ ಬೆಳಕನ್ನು ಹಿಡಿಯುತ್ತದೆ ಎಂದು ತಿಳಿಯಲು ನಾನು ಒಂದು ದಾರಿ ಕಂಡುಕೊಂಡೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2022ರಲ್ಲಿ, ಡಚ್ ಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಚಿತ್ರದ 717 ಗಿಗಾಪಿಕ್ಸೆಲ್ (71,700 ಕೋಟಿ ಪಿಕ್ಸೆಲ್) ಛಾಯಾಚಿತ್ರವನ್ನು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅದರಲ್ಲಿ ಒಂದು ಪಿಕ್ಸೆಲಿನಿಂದ ಇನ್ನೊಂದಕ್ಕೆ ಇರುವ ಅಂತರ ಮೂಲ ಚಿತ್ರದ ಮೇಲೆ 5 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗ. ಹಳದಿ ಉಡುಪಿನ ಅಧಿಕಾರಿಯ ಅಂಗಿಯ ಕಸೂತಿಯನ್ನು ದೊಡ್ಡದು ಮಾಡುತ್ತ ಹೋಗಿ. ಬಣ್ಣವನ್ನು ಗುಪ್ಪೆಯಾಗಿ ಇಟ್ಟಿರುವುದೂ, ಆ ಗುಪ್ಪೆಯ ಒಂದು ಬದಿಯಲ್ಲಿ ಬೆಳಕು ತಂಗಿ ಇನ್ನೊಂದು ಬದಿ ಕಪ್ಪಾಗಿರುವುದೂ ಕಾಣುತ್ತದೆ. ನಾನು ಅದನ್ನು ನೋಡಿದಾಗ ನೆನಪಾದದ್ದು ನಮ್ಮ ಚಿಟ್ಟಿಯೇ. ಕುಂಬಳೆಯ ಮನೆಯಲ್ಲಿ ಕುಳಿತು, ಆ ಮ್ಯೂಸಿಯಂನಲ್ಲಿ ಚಿತ್ರದೆದುರು ನಿಂತವರಿಗೂ ಕಾಣದಷ್ಟು ಹತ್ತಿರದಿಂದ ಅದನ್ನು ನೋಡಬಹುದು ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ.

ಉತ್ತರ 2 (ಕಾಸರಗೋಡಿನಿಂದ)

ಮುದ್ರಣದ ಕೆಲಸದಲ್ಲಿರುವವನಾಗಿ ಫ್ಲೆಕ್ಸಿನ ಬಗ್ಗೆ ಹೇಳುತ್ತೇನೆ. ನೀವು ಪ್ರಾಯಶಃ ಪರದೆಯ ಅಳತೆಗೆ, ಸಾವಿರ ಚಿಲ್ಲರೆ ಪಿಕ್ಸೆಲಿನಲ್ಲಿ ಬರೆದಿದ್ದೀರಿ. ಎ3 ಹಾಳೆಯ ಗಾತ್ರಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಬೇಕೆಂದರೆ 3508ಕ್ಕೆ 4961 ಪಿಕ್ಸೆಲ್ ಇರಬೇಕು, ಮತ್ತು ಅದನ್ನು ಮೊದಲ ಗೆರೆ ಎಳೆಯುವ ಮೊದಲೇ ನಿಗದಿಪಡಿಸಬೇಕು. ಆಮೇಲೆ ಹಿಗ್ಗಿಸಿದರೆ ಇಲ್ಲದ ವಿವರ ಎಲ್ಲಿಂದಲೂ ಬರುವುದಿಲ್ಲ. ಈ ಅಳತೆಯಲ್ಲಿ ಪೂರ್ತಿ ತುಂಬಿದ ಒಂದು ಪದರಕ್ಕೆ ಸುಮಾರು 70 ಎಂಬಿ ಮೆಮೊರಿ ಬೇಕಾಗುವುದರಿಂದ, ಹಳೆಯ ಲ್ಯಾಪ್‌ಟಾಪಿನಲ್ಲಿ ಮುಗಿದ ಪದರಗಳನ್ನು ಆಗಾಗ ಕೂಡಿಸಿಕೊಳ್ಳುವುದು ಒಳ್ಳೆಯದು.

ಕೆಂಪಿನ ವಿಷಯದಲ್ಲಿ ನಿಮ್ಮ ತಪ್ಪೂ ಇಲ್ಲ, ಮುದ್ರಿಸಿದವರ ತಪ್ಪೂ ಇರಲಾರದು. ಪರದೆ ಬಣ್ಣವನ್ನು ಬೆಳಕಿನಿಂದ ಮಾಡುತ್ತದೆ, ಮುದ್ರಣ ಯಂತ್ರ ನಾಲ್ಕು ಶಾಯಿಗಳಿಂದ ಮಾಡುತ್ತದೆ. ಉರಿಯುವಂತಹ ಕೆಂಪು ಮತ್ತು ಎಳೆ ಹಸಿರು ಆ ಶಾಯಿಗಳ ಕೈಗೆ ಎಟುಕುವುದಿಲ್ಲ. ಕ್ರಿಟಾದಲ್ಲಿ ಕಂಟ್ರೋಲ್ ಮತ್ತು ವೈ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮುದ್ರಣದಲ್ಲಿ ಬಣ್ಣ ಹೇಗೆ ಕಾಣಬಹುದು ಎಂಬುದರ ಅಂದಾಜು ಪರದೆಯಲ್ಲಿಯೇ ಸಿಗುತ್ತದೆ. ಹೆಸರು, ದಿನಾಂಕ ಮುಂತಾದ ಅಕ್ಷರಗಳನ್ನು ಇಂಕ್‌ಸ್ಕೇಪ್ ಎಂಬ ರೇಖಾಚಿತ್ರದ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡದಲ್ಲಿ ಬರೆದು, ಕೊಡುವ ಮೊದಲು ಆಕಾರಗಳಾಗಿ ಪರಿವರ್ತಿಸಿ. ಇಲ್ಲವಾದರೆ ಆ ಫಾಂಟ್ ಇಲ್ಲದ ಅಂಗಡಿಯ ಕಂಪ್ಯೂಟರಿನಲ್ಲಿ ಅಕ್ಷರಗಳ ರೂಪವೇ ಬದಲಾಗುತ್ತದೆ, ಕೆಲವೊಮ್ಮೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಗಡಿನಾಡಿನಲ್ಲಿ ಕನ್ನಡ ಓದಲು ಬಾರದವರ ಕೈಯಿಂದಲೂ ನಮ್ಮ ಕಡತ ಹಾದುಹೋಗುವುದುಂಟು. ತಪ್ಪಾದದ್ದು ಅವರ ಕಣ್ಣಿಗೆ ಬೀಳುವುದಿಲ್ಲ.

ಉತ್ತರ 3 (ಮುಳ್ಳೇರಿಯದಿಂದ)

ನಾನು ಕನ್ನಡ ಮಾಧ್ಯಮದ ಶಾಲೆಯೊಂದರ ಶಿಕ್ಷಕಿ. ಕೇರಳದ ಶಾಲೆಗಳಲ್ಲಿ ಐಸಿಟಿ (ಮಾಹಿತಿ ತಂತ್ರಜ್ಞಾನ) ಪಾಠಗಳು ಸ್ವತಂತ್ರ ತಂತ್ರಾಂಶಗಳ ಮೂಲಕವೇ ನಡೆಯುವುದರಿಂದ ಚಿತ್ರ ತಿದ್ದುವ ಜಿಂಪ್ ಮತ್ತು ಇಂಕ್‌ಸ್ಕೇಪ್ ನಮ್ಮ ಮಕ್ಕಳಿಗೆ ಹೊಸದಲ್ಲ, 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಕೂಟಗಳಲ್ಲಿ ಅನಿಮೇಶನ್ ಕೂಡ ಕಲಿಯುತ್ತಾರೆ. ನಿಮ್ಮ ಹತ್ತಿರದ ಶಾಲೆಯಲ್ಲಿ ಒಮ್ಮೆ ವಿಚಾರಿಸಿ ನೋಡಿ. ಇಂಕ್‌ಸ್ಕೇಪ್ ಹೇಳಿಕೊಡಲು ಒಂಬತ್ತನೆಯ ತರಗತಿಯ ಮಗುವೊಂದು ಸಿಗಬಹುದು, ಆ ಮಗುವಿಗೆ ನೀವು ಕಿರೀಟದ ಅಳತೆಯನ್ನು ಹೇಳಿಕೊಡಬಹುದು.

ಉತ್ತರ 4 (ಅಕ್ಕಲಕೋಟೆಯಿಂದ)

ಯಕ್ಷಗಾನದ ಬಗ್ಗೆ ನನಗೆ ಹೆಚ್ಚು ತಿಳಿಯದು, ಹಂಚಿಕೊಳ್ಳುವ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರದ ಹಕ್ಕು ಬರೆದ ಕ್ಷಣದಿಂದಲೇ ಬರೆದವರದು, ನೋಂದಣಿ ಕಡ್ಡಾಯವಲ್ಲ; ಆ ಹಕ್ಕು ಜೀವಿತಾವಧಿ ಮತ್ತು ಅನಂತರದ 60 ವರ್ಷ ಇರುತ್ತದೆ. ಮುಕ್ತ ಬಳಕೆಯ ಚಿತ್ರಗಳ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಿದರೆ ವಿಕಿಪೀಡಿಯ ಲೇಖನಗಳಲ್ಲಿ ಬಳಕೆಯಾಗುವ ಭಾಗ್ಯವಿದೆ, ಆದರೆ ಅಲ್ಲಿ ವ್ಯಾಪಾರಕ್ಕೂ ಬಳಸಬಹುದಾದ ಪರವಾನಗಿಯನ್ನೇ ಕೊಡಬೇಕು, ಕೊಟ್ಟ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಹಿಂಪಡೆಯಲಾಗದು. ನಾನಾದರೆ ಅಧ್ಯಯನದ ಚಿತ್ರಗಳನ್ನು ಅಲ್ಲಿ ಕೊಟ್ಟು, ಮುಖ್ಯ ಕೃತಿಗಳನ್ನು ಕಡಿಮೆ ಪಿಕ್ಸೆಲಿನಲ್ಲಿ ನನ್ನ ಪುಟದಲ್ಲಿ ಮಾತ್ರ ತೋರಿಸುತ್ತೇನೆ. ಕೃತಕ ಬುದ್ಧಿಮತ್ತೆ ಶೈಲಿಯನ್ನು ಅನುಕರಿಸುವುದನ್ನು ಕಷ್ಟವಾಗಿಸಲು ಶಿಕಾಗೊ ವಿಶ್ವವಿದ್ಯಾಲಯದವರು 2023ರಲ್ಲಿ ಗ್ಲೇಜ್ ಎಂಬ ಉಚಿತ ತಂತ್ರಾಂಶವನ್ನು ಹೊರತಂದಿದ್ದಾರೆ. ಪೂರ್ಣ ರಕ್ಷಣೆ ಅದರಿಂದಲೂ ಇಲ್ಲ. ಬೇರೆಯವರು ತೆಗೆದ ಛಾಯಾಚಿತ್ರವನ್ನು ನೋಡಿಯೇ ಬರೆದಿದ್ದರೆ ಅವರ ಒಪ್ಪಿಗೆಯನ್ನು ಮೊದಲು ಪಡೆಯಿರಿ.

ಪ್ರಶ್ನೆ ಕೇಳಿದವರು (ಪೆರ್ಲದಿಂದ)

ಎಲ್ಲರಿಗೂ ಕೃತಜ್ಞತೆಗಳು. ಮೂರು ರಾತ್ರಿ ಕುಳಿತು 3508ಕ್ಕೆ 4961ರ ಹಾಳೆಯಲ್ಲಿ ಮಹಿಷಾಸುರನ ಮುಖವನ್ನು ಹೊಸದಾಗಿ ಬರೆದೆ. ಬೂದು ಬಿಳಿಯ ಚಿಟ್ಟಿಯ ತುದಿಗೆ ಅಚ್ಚ ಬಿಳಿಯ ಬಿಂದುವನ್ನು ಇಟ್ಟ ಕೂಡಲೇ ಹುಬ್ಬಿನ ಮೇಲಿನ ಸಾಲು ಎದ್ದು ನಿಂತಿತು. ಪಕ್ಕದಲ್ಲಿದ್ದ ಅಮ್ಮ ಪರದೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬಲಗೆನ್ನೆ ಇನ್ನೂ ಸರಿಯಾಗಿಲ್ಲ, ನೆರಳು ಹೆಚ್ಚಾಗಿ ಚಿಟ್ಟಿ ಮುಖದಿಂದ ಬಿಟ್ಟುಬಂದಂತೆ ತೋರುತ್ತದೆ. ಆ ಕೆನ್ನೆಗೆ ನಾನು ಯಾರೋ ತೆಗೆದ ಛಾಯಾಚಿತ್ರವನ್ನು ಆಧರಿಸಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಲು ಇನ್ನೂ ಹತ್ತು ದಿನವಿದೆ, ಅಷ್ಟರೊಳಗೆ ಚೌಕಿಯಲ್ಲಿ ಅನುಮತಿ ಕೇಳಿ, ಪುಸ್ತಕ ಮತ್ತು ಪೆನ್ಸಿಲ್ ಹಿಡಿದು ಒಂದು ರಾತ್ರಿ ಕುಳಿತುಕೊಳ್ಳುತ್ತೇನೆ. ಆ ಕೆನ್ನೆಯನ್ನು ಅಲ್ಲಿಂದ ಬಂದ ಮೇಲೆ ಅಳಿಸಿ ಬರೆಯುವುದೆಂದು ನಿಶ್ಚಯಿಸಿದ್ದೇನೆ.