ಹಿಡ್ಲುಮನೆ ಜಲಪಾತ: ಮಗಳು, ಅಮ್ಮನ ಜೊತೆ ಯಾವಾಗ ಹೋಗಬಹುದು?

ಪ್ರಶ್ನೆ: ಹೊಸನಗರ ತಾಲ್ಲೂಕಿನ ನಿಟ್ಟೂರಿನ ಹತ್ತಿರವಿರುವ ಹಿಡ್ಲುಮನೆ ಜಲಪಾತಕ್ಕೆ ಆಗಸ್ಟ್ ಕೊನೆಯಲ್ಲಿ ಹೋಗುವ ಆಸೆಯಿದೆ. ಹತ್ತು ವರ್ಷದ ಮಗಳು ಮತ್ತು ಅರವತ್ತು ದಾಟಿದ ಅಮ್ಮ ಜೊತೆಗಿರುತ್ತಾರೆ. ಅಮ್ಮನಿಗೆ ದಿನವೂ ನಡೆಯುವ ಅಭ್ಯಾಸವಿದೆ, ಆದರೆ ಇಳಿಯುವಾಗ ಮಂಡಿ ನೋಯುತ್ತದೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ: ನಾನು ಅದೇ ಸೀಮೆಯವನು, ಹಾಗಾಗಿ ನೇರವಾಗಿ ಹೇಳುತ್ತೇನೆ ಸರ್: ಆಗಸ್ಟ್ ಬೇಡ, ದಸರಾ ರಜೆಯ ನಂತರ ಬನ್ನಿ. ಅಷ್ಟು ಹೊತ್ತಿಗೆ ನೀರು ಇಳಿದುಹೋಗುತ್ತದೆ ಎಂಬ ಆತಂಕ ಬೇಡ. ಮಳೆ ಹಿಂದೆ ಸರಿದ ಮೇಲೂ ಕಾಡು ಕುಡಿದಿಟ್ಟುಕೊಂಡ ನೀರು ಒಸರುತ್ತಲೇ ಇರುತ್ತದೆ. ಧಾರೆ ಸೊರಗುವುದು ಬೇಸಿಗೆಯಲ್ಲಿ.

ಎಲ್ಲರೂ ಜಲಪಾತ ಎಷ್ಟು ತುಂಬಿದೆ ಎಂದು ಕೇಳುತ್ತಾರೆ. ಕೇಳಬೇಕಾದದ್ದು ದಾರಿಯ ಹಳ್ಳ ಎಷ್ಟು ತುಂಬಿದೆ ಎಂದು. ನೀವು ನಿಂತ ಕಡೆ ಬಿಸಿಲಿದ್ದು, ಮೇಲೆ ಕೊಡಚಾದ್ರಿಯ ನೆತ್ತಿಯಲ್ಲಿ ಮಳೆ ಸುರಿಯುತ್ತಿರಬಹುದು. ತಿಳಿಯಾಗಿದ್ದ ನೀರು ಕದಡಿತು, ತರಗೆಲೆ, ಕಡ್ಡಿಗಳು ತೇಲಿ ಬಂದವು, ಸದ್ದು ದಪ್ಪವಾಯಿತು ಎಂದರೆ ಚೀಲವನ್ನೂ ಹುಡುಕದೆ ದಡಕ್ಕೆ ಹತ್ತಬೇಕು. 2024ರ ಜೂನ್ 30ರಂದು ಮಹಾರಾಷ್ಟ್ರದ ಲೋಣಾವಳದ ಭೂಶಿ ಅಣೆಕಟ್ಟಿನ ಹತ್ತಿರ ಒಂದು ಕುಟುಂಬ ನೀರಿನ ನಡುವೆ ಸಿಕ್ಕಿಕೊಂಡದ್ದನ್ನು ನೆನಪಿಸಿಕೊಳ್ಳಿ. ಹೋಗುವಾಗ ಸಲೀಸಾಗಿ ದಾಟಿದ ಹಳ್ಳ ಬರುವಾಗ ದಾರಿ ಕೊಡುತ್ತದೆ ಎಂಬ ಖಾತರಿಯಿಲ್ಲ. ಅದಕ್ಕೇ ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ಮೋಡ ಕಟ್ಟುವ ಮೊದಲೇ ಹಿಂದಿರುಗಿ.

ಮಳೆಗಾಲದಲ್ಲಿ ಜಲಪಾತಗಳಿಗೆ ಪ್ರವೇಶ ನಿಲ್ಲಿಸುವುದುಂಟು, ಹಲವು ಚಾರಣ ಹಾದಿಗಳಿಗೆ ಈಗ ಆನ್‌ಲೈನ್‌ನಲ್ಲೇ ಮುಂಗಡ ಟಿಕೆಟ್ ಪಡೆಯಬೇಕು. ಹೊರಡುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಬಾಗಿಲು ಹಾಕಿದ್ದರೆ ಕಳ್ಳದಾರಿ ತೋರಿಸುವವರನ್ನು ನಂಬಬೇಡಿ.

ಉತ್ತರ: ನಾನು ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಅವರಿಗೂ ಮಂಡಿನೋವು. ಹಿಡ್ಲುಮನೆಯಲ್ಲಿ ಇರುವುದು ಒಂದೇ ಧಾರೆಯಲ್ಲ, ಬಂಡೆಗಳ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಹಲವು ಧಾರೆಗಳು. ಮೇಲಿನವುಗಳಿಗೆ ಕೈಯೂರಿ ಹತ್ತಬೇಕು. ಆ ದಾರಿ 1,343 ಮೀಟರ್ ಎತ್ತರದ ಕೊಡಚಾದ್ರಿಯ ಕಡೆಗೆ ಏರುತ್ತಾ ಹೋಗುತ್ತದೆ. ಅಮ್ಮನವರು ಕೆಳಗಿನ ಧಾರೆಯ ಬಳಿಯೇ ಕುಳಿತು ಬುತ್ತಿ ಬಿಚ್ಚಲಿ, ಅವರ ಜೊತೆ ಯಾರಾದರೊಬ್ಬರು ಇರಲಿ. ಅಷ್ಟನ್ನು ನೋಡಿದರೂ ಮನಸ್ಸು ತುಂಬುತ್ತದೆ. ಕೈಗೊಂದು ಗಟ್ಟಿ ಊರುಗೋಲು ಕೊಡಿ. ಮಂಡಿಗೆ ಅದು ಬೇಕಾಗುವುದು ಇಳಿಯುವಾಗಲೇ.

ಮಗಳಿಗೆ ಒಂದೇ ನಿಯಮ ಸಾಕು: ಪಾಚಿ ಹಿಡಿದ ಬಂಡೆಯ ಮೇಲೆ ಕಾಲಿಡಬಾರದು. ಫೋಟೊಗೆಂದು ದೊಡ್ಡವರೂ ಇಡಬಾರದು. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಸಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕ ಕ್ಷಣಮಾತ್ರದಲ್ಲಿ ಜಾರಿ ನೀರುಪಾಲಾದ. ಆ ವಿಡಿಯೊ ನೋಡಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಧಾರೆಯ ಅಂಚಿಗೆ ಹೋಗುವುದಿಲ್ಲ.

ಉತ್ತರ: ಉಂಬಳದ, ಅಂದರೆ ಕಾಡಿನ ಜಿಗಣೆಯ ಬಗ್ಗೆ ಯಾರೂ ಹೇಳಲಿಲ್ಲ! ತೇವ ಆರದ ತನಕ ಅವು ಇದ್ದೇ ಇರುತ್ತವೆ, ಅಕ್ಟೋಬರ್‌ನಲ್ಲಿಯೂ ಸಿಗಬಹುದು. ಪ್ಯಾಂಟಿನ ತುದಿಯನ್ನು ಉದ್ದನೆಯ ಕಾಲುಚೀಲದೊಳಗೆ ಸೇರಿಸಿ. ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟುಕೊಂಡು, ಹತ್ತಿದ ಉಂಬಳಕ್ಕೆ ಮುಟ್ಟಿಸಿದರೆ ಉದುರುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಕಚ್ಚಿದ ಜಾಗದಲ್ಲಿ ತುಸು ಹೊತ್ತು ರಕ್ತ ಸೋರುತ್ತದೆ. ಇದನ್ನು ಮಗಳಿಗೆ ಮನೆಯಲ್ಲೇ ಹೇಳಿಡಿ, ಅಲ್ಲಿ ಗಾಬರಿಯಾಗುವುದಿಲ್ಲ. ಅಮ್ಮನವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ.