ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಕಣ್ಣುರಿ, ಹುಬ್ಬು ನೋವು: ನಿಮಗೆ ಯಾವುದು ಉಪಯೋಗವಾಯಿತು?

ಪ್ರಶ್ನೆ, ಧಾರವಾಡದಿಂದ:

ಎಲ್ಲರಿಗೂ ನಮಸ್ಕಾರ. ನಾನು ಡಿಟಿಪಿ ಕೆಲಸ ಮಾಡುವವಳು. ಪುಸ್ತಕ, ಲಗ್ನಪತ್ರಿಕೆ, ಎಲ್ಲ ಕನ್ನಡದಲ್ಲೇ. ಹಳೆಯ ಮಾನಿಟರ್ ಮುಂದೆ ದಿನವಿಡೀ ಕೂತರೂ ಏನೂ ಆಗುತ್ತಿರಲಿಲ್ಲ. ಈಗ ಓಎಲ್ಇಡಿ, ಅಂದರೆ ಪ್ರತಿ ಚುಕ್ಕಿಯೂ ತಾನೇ ಬೆಳಗುವ ಪರದೆಯ ಲ್ಯಾಪ್‌ಟಾಪ್ ತಗೊಂಡಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಕಣ್ಣುರಿ, ಹುಬ್ಬಿನ ಮೇಲೆ ನೋವು. ಬ್ರೈಟ್‌ನೆಸ್ ಇಳಿಸಿದರೆ ಇನ್ನೂ ಜಾಸ್ತಿ. ನೀಲಿ ಬೆಳಕು ತಡೆಯುವ ಬ್ಲೂ ಲೈಟ್ ಕನ್ನಡಕ ಹಾಕಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ನಿಮ್ಮ ಅನುಭವ ಹೇಳಿ.

ಉತ್ತರ, ಬೆಂಗಳೂರಿನಿಂದ:

ಮೇಡಂ, ಬ್ರೈಟ್‌ನೆಸ್ ಇಳಿಸಿದರೆ ನೋವು ಜಾಸ್ತಿ ಅಂದಿರಲ್ಲ, ಮೊದಲು ಅದನ್ನೇ ಹಿಡಿಯಿರಿ. ಬರೀ ದಣಿವಾಗಿದ್ದರೆ ಬೆಳಕು ತಗ್ಗಿಸಿದಾಗ ಹಾಯೆನಿಸಬೇಕಿತ್ತು. ಅನೇಕ ಓಎಲ್ಇಡಿ ಪರದೆಗಳು ಬೆಳಕನ್ನು ನಿಜವಾಗಿ ತಗ್ಗಿಸುವುದಿಲ್ಲ. ಪಿಕ್ಸೆಲ್‌ಗಳನ್ನು ಸರಸರನೆ ಆರಿಸಿ ಹೊತ್ತಿಸುತ್ತವೆ. ಆರಿರುವ ಹೊತ್ತು ಹೆಚ್ಚಿದಷ್ಟೂ ಪರದೆ ಮಂದವಾಗಿ ಕಾಣುತ್ತದೆ. ಇದಕ್ಕೆ ಪಿಡಬ್ಲ್ಯೂಎಂ ಅನ್ನುತ್ತಾರೆ. ಲ್ಯಾಪ್‌ಟಾಪ್‌ಗಳಲ್ಲಿ ಸೆಕೆಂಡಿಗೆ 240 ಸಲ ಹೀಗೆ ಮಿನುಗುವುದು ಮಾಮೂಲು. ಮಿನುಗುವುದು ಕಣ್ಣಿಗೆ ಕಾಣುವುದಿಲ್ಲ. ಆದರೂ ಕೆಲವರಿಗೆ ಹಣೆ, ಹುಬ್ಬು ನೋಯುತ್ತದೆ. ನನಗೆ ಆಗುತ್ತದೆ. ಪಕ್ಕದಲ್ಲೇ ಅದೇ ಮಾಡೆಲ್ ಇಟ್ಟುಕೊಂಡು ಕೂರುವ ಗೆಳೆಯನಿಗೆ ಏನೂ ಆಗುವುದಿಲ್ಲ. ಹಾಗಾಗಿ 'ಅದೆಲ್ಲ ನಿಮ್ಮ ಭ್ರಮೆ' ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಪರೀಕ್ಷೆ ಸುಲಭ. ಪರದೆ ಮೇಲೆ ಖಾಲಿ ಬಿಳಿ ಹಾಳೆ ತೆರೆಯಿರಿ. ಫೋನ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/2000ಕ್ಕೆ ಇಡಿ. ಬ್ರೈಟ್‌ನೆಸ್ 100ರಲ್ಲಿ ಒಮ್ಮೆ, 30ರಲ್ಲಿ ಒಮ್ಮೆ ನೋಡಿ. 30ರಲ್ಲಿ ದಪ್ಪ ಕಪ್ಪು ಪಟ್ಟೆಗಳು ಬಂದರೆ ನಾನು ಹೇಳಿದ್ದೇ ಕಾರಣ ಇರಬಹುದು. 100ರಲ್ಲೂ ತೆಳು ಗೆರೆ ಬರಬಹುದು, ಅದಕ್ಕೆ ಗಾಬರಿ ಬೇಡ. ಪ್ರೊ ಮೋಡ್ ಇಲ್ಲದಿದ್ದರೆ ಸ್ಲೋ ಮೋಷನ್ ವಿಡಿಯೋದಲ್ಲೂ ಗೊತ್ತಾಗುತ್ತದೆ.

ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ಮೂಡುತ್ತದೆ ಅನ್ನುವುದು) ಬೇರೆ, ಈ ಮಿನುಗು ಬೇರೆ. 120 ಹರ್ಟ್ಸ್ ಪರದೆ ಅಂತ ಬರೆದಿದ್ದರೂ ಈ ತೊಂದರೆ ಇರಬಹುದು. ಹಿಂದಿನ ಕಾಲದ ಡಬ್ಬಿಯಂಥ ಸಿಆರ್‌ಟಿ ಮಾನಿಟರ್‌ಗಳಲ್ಲಿ ಮಾತ್ರ ಎರಡೂ ಒಂದೇ ಆಗಿತ್ತು. 60ರಲ್ಲಿ ತಲೆನೋವು, 85ಕ್ಕೆ ಏರಿಸಿದರೆ ಆರಾಮ. ಸೈಬರ್ ಕೆಫೆ ಕಾಲದವರಿಗೆ ನೆನಪಿರುತ್ತದೆ.

ನನಗೆ ಉಪಯೋಗವಾಗಿದ್ದು ಇಷ್ಟು: ಬ್ರೈಟ್‌ನೆಸ್ ಮೇಲೆಯೇ ಇಟ್ಟು, ಸಾಫ್ಟ್‌ವೇರ್‌ನಿಂದ ಪರದೆ ಮಂಕು ಮಾಡುವುದು. ಕೆಲವು ಲ್ಯಾಪ್‌ಟಾಪ್‌ಗಳ ಜೊತೆ ಬರುವ ಆಪ್‌ನಲ್ಲೇ 'ಫ್ಲಿಕರ್ ಫ್ರೀ ಡಿಮ್ಮಿಂಗ್' ಅಂತ ಇರುತ್ತದೆ. ಕೋಣೆಯ ದೀಪವನ್ನೂ ಚೆನ್ನಾಗಿ ಹಾಕಿಕೊಳ್ಳಿ. ಆಗ ಪರದೆಯನ್ನು ಅಷ್ಟು ಇಳಿಸುವ ಅಗತ್ಯವೇ ಬೀಳುವುದಿಲ್ಲ.

ಇನ್ನೊಂದು ಮಾತು, ಇದು ಕನ್ನಡದ ಕೆಲಸ ಮಾಡುವವರಿಗೆ. ವಿಂಡೋಸ್‌ನಲ್ಲಿ ಅಕ್ಷರ ನುಣುಪಾಗಿ ಕಾಣಿಸುವ ಕ್ಲಿಯರ್‌ಟೈಪ್ ಅನ್ನುವ ಸೌಲಭ್ಯ ಒಂದು ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಸಾಲಾಗಿ ಇವೆ ಅಂದುಕೊಂಡು ಅಕ್ಷರ ಬಿಡಿಸುತ್ತದೆ. ಅನೇಕ ಓಎಲ್ಇಡಿಗಳಲ್ಲಿ ಜೋಡಣೆ ಹಾಗಿರುವುದಿಲ್ಲ. ಆಗ ಅಕ್ಷರದ ಅಂಚಿಗೆ ಬಣ್ಣ ಅಂಟಿದಂತೆ ಕಾಣುತ್ತದೆ. ನಮ್ಮ ಲಿಪಿಯಲ್ಲಿ ದ, ಧ ನಡುವೆ ಇರುವುದು ಒಂದು ಸಣ್ಣ ಸೀಳು. ಪ, ಷ ನಡುವೆ ಒಳಗಿನ ಒಂದು ಸಣ್ಣ ಗೆರೆ. 'ರಾಷ್ಟ್ರ'ದ ಒತ್ತುಗಳು 10 ಪಾಯಿಂಟ್‌ನಲ್ಲಿ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಪ್ರೂಫ್ ನೋಡುವಾಗ ಕಣ್ಣು ಪ್ರತಿ ಪದಕ್ಕೂ ತಡಕಾಡುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಕ್ಲಿಯರ್‌ಟೈಪ್ ಅಂತ ಹುಡುಕಿ, ಅದು ತೋರಿಸುವ ಮಾದರಿಗಳಲ್ಲಿ ನಿಮಗೆ ಸ್ಪಷ್ಟ ಕಾಣುವುದನ್ನು ಆರಿಸಿ. ರೆಸಲ್ಯೂಷನ್ ಪರದೆಯ ಮೂಲ ಅಳತೆಯಲ್ಲೇ ಇರಲಿ. ಅಕ್ಷರ ದೊಡ್ಡದಾಗಬೇಕಾದರೆ ಸ್ಕೇಲ್ 125 ಅಥವಾ 150 ಪರ್ಸೆಂಟ್ ಮಾಡಿ. ಪ್ರೂಫ್ ಓದುವಾಗ ಜೂಮ್ 150ರ ಕೆಳಗೆ ಇಳಿಸಲೇಬೇಡಿ.

ಉತ್ತರ, ಹಾಸನದಿಂದ:

ಅಕ್ಕಾ, ಪರದೆ ಜೊತೆಗೆ ಕಣ್ಣನ್ನೂ ನೋಡಿಸಿಕೊಳ್ಳಿ. ನಾನು ಲೆಕ್ಕಪತ್ರದ ಕೆಲಸದವನು, ವಯಸ್ಸು 40 ದಾಟಿದೆ. ನಲವತ್ತರ ಆಚೆ ಹತ್ತಿರದ್ದನ್ನು ನೋಡುವ ಶಕ್ತಿ ಎಲ್ಲರಿಗೂ ಕುಗ್ಗುತ್ತದೆ. ನನಗೆ ಪ್ರೋಗ್ರೆಸಿವ್ ಕನ್ನಡಕ ಕೊಟ್ಟಿದ್ದರು. ಅದರಲ್ಲಿ ಓದುವ ಭಾಗ ಕೆಳಗಿರುತ್ತದೆ, ಪರದೆ ಇರುವುದು ಎದುರಿಗೆ. ಗಲ್ಲ ಎತ್ತಿಕೊಂಡು ನೋಡಿ ನೋಡಿ ಕುತ್ತಿಗೆ ಹಿಡಿಯುತ್ತಿತ್ತು. ಆಮೇಲೆ ಕಣ್ಣಿನಿಂದ ಪರದೆಗೆ ಇರುವ ದೂರವನ್ನು ಟೇಪಿನಲ್ಲಿ ಅಳೆದುಕೊಂಡು ಹೋಗಿ ಹೇಳಿದೆ. ಆ ದೂರಕ್ಕೆಂದೇ ಬೇರೆ ಕನ್ನಡಕ ಮಾಡಿಕೊಟ್ಟರು. ತುಂಬಾ ಆರಾಮವಾಯಿತು.

ಬ್ಲೂ ಲೈಟ್ ಕನ್ನಡಕಕ್ಕೆ ದುಡ್ಡು ಹಾಕಬೇಡಿ. 2023ರಲ್ಲಿ ಕಾಕ್ರೇನ್ ಅನ್ನುವ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಸಂಸ್ಥೆಯವರು 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಾಮೂಲಿ ಕನ್ನಡಕಕ್ಕಿಂತ ಇದರಿಂದ ಕಣ್ಣಿನ ದಣಿವು ಕಡಿಮೆಯಾಗುತ್ತದೆ ಅನ್ನುವುದು ಅಲ್ಲಿ ಕಾಣಲಿಲ್ಲ.

ಉರಿಗೆ ಇನ್ನೊಂದು ಕಾರಣ, ರೆಪ್ಪೆ ಬಡಿಯುವುದು ಕಡಿಮೆಯಾಗುವುದು. ಸುಮ್ನೆ ಕೂತಾಗ ನಿಮಿಷಕ್ಕೆ ಸುಮಾರು 15 ಸಲ ಬಡಿಯುತ್ತೇವೆ. ಪರದೆ ಮುಂದೆ ಅದು 5ರಿಂದ 7ಕ್ಕೆ ಇಳಿಯುತ್ತದೆ ಅಂತ ಅಮೆರಿಕದ ಕಣ್ಣಿನ ವೈದ್ಯರ ಸಂಘ ಹೇಳುತ್ತದೆ. ಕಣ್ಣು ಒಣಗುತ್ತದೆ. ಫ್ಯಾನ್ ಗಾಳಿ ನೇರ ಮುಖಕ್ಕೆ ಬೀಳದ ಹಾಗೆ ಕುರ್ಚಿ ತಿರುಗಿಸಿಕೊಳ್ಳಿ. 20 ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರ ನೋಡಿ. ಕಣ್ಣು ಕೆಂಪಾಗಿದೆ ಅಂತ ಮೆಡಿಕಲ್ ಸ್ಟೋರಿನಲ್ಲಿ ಸಿಕ್ಕ ಡ್ರಾಪ್ಸ್ ಹಾಕಬೇಡಿ, ಡಾಕ್ಟರನ್ನು ಕೇಳಿ. ಹಠಾತ್ತನೆ ಮಿಂಚು ಹೊಡೆದಂತೆ ಕಂಡರೆ, ಒಂದು ಕಣ್ಣು ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅದು ಪರದೆಯ ದಣಿವಲ್ಲ.

ಉತ್ತರ, ಸುರತ್ಕಲ್‌ನಿಂದ:

ಗ್ರಾಫಿಕ್ಸ್ ಸೆಟ್ಟಿಂಗ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬ್ಯಾಟರಿಯಲ್ಲಿ ಓಡುವಾಗ ಪರದೆಯಲ್ಲಿ ಏನಿದೆ ಅನ್ನುವುದರ ಮೇಲೆ ಬೆಳಕು ತಾನಾಗಿಯೇ ಏರಿಳಿಯುತ್ತದೆ. ಈ ಸೆಟ್ಟಿಂಗ್‌ನ ಹೆಸರು ಇಂಟೆಲ್ ಚಿಪ್ ಇದ್ದರೆ ಡಿಸ್‌ಪ್ಲೇ ಪವರ್ ಸೇವಿಂಗ್, ಎಎಂಡಿ ಚಿಪ್ ಇದ್ದರೆ ವ್ಯಾರಿ ಬ್ರೈಟ್. ಬಿಳಿ ಪುಟದಿಂದ ಕಪ್ಪು ಪುಟಕ್ಕೆ ಹೋದಾಗಲೆಲ್ಲ ಕಣ್ಣಿನ ಪಾಪೆಗೆ ಕೆಲಸ. ನಿಮ್ಮದರಲ್ಲಿ ಯಾವುದಿದೆಯೋ ಅದನ್ನು ಆಫ್ ಮಾಡಿ. ವಿಡಿಯೋದಲ್ಲಿ ಬೆಳಕು ಕತ್ತಲೆಯ ಅಂತರ ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ಕೂಡ ಟೈಪಿಂಗ್ ಕೆಲಸಕ್ಕೆ ಬೇಡ.

ಡಿದರಿಂಗ್ ಅಂತ ಇನ್ನೊಂದಿದೆ. ಅಗ್ಗದ 6 ಬಿಟ್ ಪರದೆಗೆ ತೋರಿಸಲು ಬರುವುದು 2.62 ಲಕ್ಷ ಬಣ್ಣ. ಉಳಿದವಕ್ಕೆ ಎರಡು ಛಾಯೆಗಳನ್ನು ಬೇಗ ಬೇಗ ಅದಲು ಬದಲು ಮಾಡಿ ನಡುವಿನ ಬಣ್ಣ ಇದ್ದಂತೆ ತೋರಿಸುತ್ತದೆ. ಗ್ರಾಫಿಕ್ಸ್ ಚಿಪ್ ಕೂಡ ಇದನ್ನು ಮಾಡಬಲ್ಲದು. ಲಿನಕ್ಸ್‌ನಲ್ಲಿ ಎನ್‌ವಿಡಿಯಾ ಸೆಟ್ಟಿಂಗ್ಸ್‌ನಲ್ಲಿ ಇದನ್ನು ನಿಲ್ಲಿಸಬಹುದು. ಆಪಲ್‌ನ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗಳಲ್ಲಿ ಇದನ್ನು ನಿಲ್ಲಿಸಲು 2024ರಲ್ಲಿ ಸ್ಟಿಲ್‌ಕಲರ್ ಅನ್ನುವ ಉಚಿತ ಆಪ್ ಬಂದಿದೆ. ನಿಮ್ಮ ವಿಷಯದಲ್ಲಿ ಇದು ಕೊನೆಗೆ ನೋಡುವಂಥದ್ದು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಕ್ಯಾಮೆರಾದಲ್ಲಿ ನೋಡಿದೆ. 30ರಲ್ಲಿ ದಪ್ಪ ಪಟ್ಟೆಗಳು, 100ರಲ್ಲಿ ಸಣ್ಣ ಗೆರೆ ಅಷ್ಟೇ. ಹಳೆಯ ಮಾನಿಟರ್ ಇನ್ನೂ ಮನೆಯಲ್ಲಿದೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸಿದೆ, ಪಟ್ಟೆ ಇಲ್ಲ, ಆದರೆ ಅಕ್ಷರ ಮಸುಕಾಗಿದೆ. ಮೊದಲು ಹೀಗಿರಲಿಲ್ಲ.

ಉತ್ತರ, ಬೆಂಗಳೂರಿನಿಂದ:

ಹಾಗಾದರೆ ಟೈಪಿಂಗ್ ಎಲ್ಲ ಹಳೆಯದರಲ್ಲೇ ಮಾಡಿ ಮೇಡಂ, ಲ್ಯಾಪ್‌ಟಾಪ್ ಪರದೆ ಬಣ್ಣ ನೋಡುವುದಕ್ಕೆ ಸಾಕು. ಮಸುಕಿಗೆ ಕಾರಣ, ಎಚ್‌ಡಿಎಂಐನಲ್ಲಿ ಕೆಲವೊಮ್ಮೆ ಲ್ಯಾಪ್‌ಟಾಪ್ ಮಾನಿಟರನ್ನು ಟಿವಿ ಅಂದುಕೊಂಡು ಬಣ್ಣದ ವಿವರ ಕಡಿಮೆ ಮಾಡಿ ಕಳಿಸುತ್ತದೆ. ಸಿನಿಮಾಗೆ ನಡೆಯುತ್ತದೆ, ಅಕ್ಷರಕ್ಕೆ ನಡೆಯುವುದಿಲ್ಲ. ಗ್ರಾಫಿಕ್ಸ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕಲರ್ ಫಾರ್ಮ್ಯಾಟ್ ಅನ್ನು ಆರ್‌ಜಿಬಿ ಮಾಡಿ, ರೇಂಜ್ ಫುಲ್ ಇರಲಿ. ರೆಸಲ್ಯೂಷನ್ ಆ ಮಾನಿಟರಿನದ್ದೇ ಇದೆಯಾ ನೋಡಿ. ಆಮೇಲೆ ಕ್ಲಿಯರ್‌ಟೈಪ್ ಅನ್ನು ಆ ಪರದೆಗೆ ಬೇರೆಯಾಗಿ ಓಡಿಸಿ, ಎರಡು ಪರದೆಗೂ ಒಂದೊಂದು ಸಲ ಕೇಳುತ್ತದೆ.