ಸಿಂಧನೂರಿಗೆ ಟ್ರಾನ್ಸ್‌ಫರ್ ಆಗಿದೆ, ಊರು ಹೇಗಿದೆ?

ಮಲೆನಾಡ ಗಿರಾಕಿ:
ಬ್ಯಾಂಕ್ ಕೆಲಸ. ಮುಂದಿನ ತಿಂಗಳು ಸಿಂಧನೂರಿಗೆ ಹೋಗಬೇಕು. ನಾನು ತೀರ್ಥಹಳ್ಳಿ ಕಡೆಯವನು, ಬಯಲುಸೀಮೆ ಗೊತ್ತೇ ಇಲ್ಲ. ರಾಯಚೂರು ಜಿಲ್ಲೆ ಅಂದ ತಕ್ಷಣ ಮನೆಯವರೆಲ್ಲ ಬಿಸಿಲು, ಬರ ಅಂತ ಹೆದರಿಸ್ತಾ ಇದ್ದಾರೆ. ಆಫೀಸಲ್ಲಿ ಒಬ್ಬರು ಮಾತ್ರ "ಅಲ್ಲಿ ದುಡ್ಡು ಓಡಾಡುತ್ತೆ ಮಾರಾಯ, ಟ್ರ್ಯಾಕ್ಟರ್ ಸಾಲ ಬರೆದೇ ಕೈ ಸೋಲುತ್ತೆ" ಅಂದರು. ಯಾವುದು ನಿಜ? ಹೆಂಡತಿ, ಎರಡನೇ ಕ್ಲಾಸಿನ ಮಗಳೂ ಬರ್ತಾರೆ.

ಕ್ಯಾಂಪ್ ಹುಡುಗ:
ಎರಡೂ ನಿಜ ಸರ್. ಏಪ್ರಿಲ್ ಬಿಸಿಲು ತಲೆ ಸೀಳುತ್ತೆ. ಆದರೆ ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಭತ್ತ. ತುಂಗಭದ್ರಾ ಡ್ಯಾಂ ಆಗಿ ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ಹೊಲಗಳು ಗದ್ದೆ ಆದವು, ಆಂಧ್ರದ ರೈತರು ಬಂದು ಭೂಮಿ ಕೊಂಡು ಕ್ಯಾಂಪ್ ಅಂತ ತಮ್ಮದೇ ಊರು ಕಟ್ಟಿಕೊಂಡರು. ನಮ್ಮ ತಾತನೂ ಹಾಗೇ ಬಂದವರು, ನನಗೆ ಮಾತ್ರ ತೆಲುಗು ಓದೋಕೆ ಬರಲ್ಲ. ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಬಂಗಾಳಿ ಕೇಳುತ್ತೆ. ಪೂರ್ವ ಪಾಕಿಸ್ತಾನದಿಂದ ಬಂದವರಿಗೆ ಸರ್ಕಾರ ಅಲ್ಲಿ ನೆಲೆ ಕೊಟ್ಟಿತ್ತು. ದುರ್ಗಾ ಪೂಜೆಗೆ ಹೋಗಿ ಬನ್ನಿ. 2011ರಲ್ಲಿ ಊರಿನ ಜನ 75 ಸಾವಿರ ಚಿಲ್ಲರೆ, ಈಗ ಎಲ್ಲಿ ನೋಡಿದರೂ ಲೇಔಟ್ ಕಲ್ಲು. 2024ರ ಮಾರ್ಚ್‌ನಲ್ಲಿ ರೈಲೂ ಬಂತು.

ಉದ್ರಿ ಪುಸ್ತಕ:
ಶೋರೂಮ್ ಎಣಿಸಿ ಊರು ಅಳೀಬೇಡಿ ಸರ್. ನಂದು ಗೊಬ್ಬರದ ಅಂಗಡಿ. ನಾಟಿ ಟೈಮಲ್ಲಿ ಕೊಟ್ಟ ಉದ್ರಿ ಸುಗ್ಗಿ ಮೇಲೆ ಬರಬೇಕು, ಸುಗ್ಗಿ ಆಗೋಕೆ ಕಾಲುವೆಗೆ ನೀರು ಬರಬೇಕು. ಬಟ್ಟೆ ಅಂಗಡಿ, ಸೈಟು, ಮದುವೆ ಎಲ್ಲಾ ಅದರ ಮೇಲೇ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟ್ ಕೊಚ್ಚಿ ಹೋಯ್ತಲ್ಲ, ಮರುದಿನ ಬೆಳಿಗ್ಗೆ ಅಂಗಡಿ ಮುಂದೆ ಹತ್ತು ಜನ ಇದ್ದರು, ಒಬ್ಬರೂ ಗೊಬ್ಬರದ ಮಾತು ಎತ್ತಲಿಲ್ಲ. ಎಲ್ಲರ ಮೊಬೈಲಲ್ಲೂ ಅದೇ ವಿಡಿಯೋ. ಗೇಟ್ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನೋ ಉಕ್ಕಿನ ತಡೆ ಇಳಿಸಿ ನೀರು ನಿಲ್ಲಿಸೋವರೆಗೆ ನನ್ನ ಪುಸ್ತಕ ತೆರೆಯೋಕೇ ಮನಸ್ಸಾಗಲಿಲ್ಲ.

ಕಾಲುವೆ ಕೊನೆ:
ನಿಮಗೆ ವಿಡಿಯೋದಲ್ಲಾದರೂ ನೀರು ಕಾಣುತ್ತೆ ಅಣ್ಣಾ. ನಾವು ಮಾನ್ವಿ ಕಡೆಯವರು. ಮೇಲಿನವರು ಪೈಪ್ ಹಾಕಿ ಎಳೆದ ಮೇಲೆ ಉಳಿದಿದ್ದು ನಮಗೆ. ಎದ್ದ ತಕ್ಷಣ ಫೋನಲ್ಲಿ ಕೇಳೋದು ಒಂದೇ, ಇವತ್ತು ಕಾಲುವೆ ಗೇಜ್ (ನೀರಿನ ಮಟ್ಟ) ಎಷ್ಟಿದೆ? ಬ್ಯಾಂಕ್ ಸರ್, ಸಾಲ ಕೊಡೋ ಮುಂಚೆ ನೀವೂ ಅದನ್ನೇ ಕೇಳಿ.

ಟೀಚರಮ್ಮ:
ಮನೆ ನೋಡುವಾಗ ಟೈಲ್ಸ್ ನೋಡಬೇಡಿ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಕೇಳಿ. ನಾವು ಸುಮ್ನೆ ಹೊಸ ಮನೆ ಅಂತ ಹೋಗಿ ಸಿಕ್ಕಿಬಿದ್ದೆವು. ಬೋರ್ ನೀರು ಸವಳು, ಎರಡೇ ವಾರಕ್ಕೆ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟಿತು. ಸುಗ್ಗಿಯಲ್ಲಿ ಧೂಳು ಜಾಸ್ತಿ, ಅರ್ಧ ರಸ್ತೆ ಮೇಲೆ ಭತ್ತ ಒಣಗಿಸ್ತಾರೆ.

ಮಲೆನಾಡ ಗಿರಾಕಿ:
ಎಲ್ಲರಿಗೂ ಥ್ಯಾಂಕ್ಸ್. ಮಗಳು ಕೇಳ್ತಾಳೆ, ಆ ಭತ್ತದ ಮೇಲೆ ಬಸ್ ಹೋಗಲ್ವಾ ಅಂತ.

ಕ್ಯಾಂಪ್ ಹುಡುಗ:
ಹೋಗಬಾರದು ಅಂತಲೇ ಅಂಚಿಗೆ ಕಲ್ಲು ಇಟ್ಟಿರ್ತಾರೆ ಪುಟ್ಟಿ. ಅಪ್ಪನಿಗೆ ಹೇಳು, ರಾತ್ರಿ ಬೈಕಲ್ಲಿ ಬರುವಾಗ ಆ ಕಲ್ಲು ಕಾಣಲ್ಲ.